ಅಪ್‌ಡೇಟ್: ಮೂರು ತಿಂಗಳ ನಂತರ ನನ್ನ ಚದುರಂಗ

ಐದು ನಿಮಿಷದ ಆಟಗಳನ್ನೇ ಆಡುತ್ತ, ಸಿಸಿಲಿಯನ್ ಎಂಬ ಆರಂಭದ ನಡೆಗಳನ್ನು ಬಾಯಿಪಾಠ ಮಾಡಿದರೂ ರೇಟಿಂಗ್ (ಆಟದ ಮಟ್ಟ ತೋರಿಸುವ ಅಂಕ) 1100 ದಾಟುತ್ತಿಲ್ಲವೆಂದು ಮೂರು ತಿಂಗಳ ಹಿಂದೆ ನಿಮ್ಮಲ್ಲಿ ಹೇಳಿಕೊಂಡಿದ್ದೆ. ಆಟದ ಅವಧಿಯನ್ನು ಹೆಚ್ಚಿಸಿ, ಪ್ರತಿ ಸೋಲಿನ ಕಾರಣವನ್ನು ಬರೆದಿಡಿ ಎಂದವರ ಸಲಹೆಯನ್ನು ಒಲ್ಲದ ಮನಸ್ಸಿನಿಂದಲೇ ಪಾಲಿಸಿದೆ.

ಹಾಗೆ ಬರೆದಿಟ್ಟ 40 ಸೋಲುಗಳಲ್ಲಿ ಆರಂಭದ ನಡೆ ತಿಳಿಯದೆ ಸೋತದ್ದು ಮೂರೇ. 26 ಆಟಗಳಲ್ಲಿ ಬೆಂಬಲವಿಲ್ಲದ ಕಾಯಿಯನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದೆ. ಒಮ್ಮೆಯಂತೂ ಎಫ್7 ಮನೆಗೆ ಜಿಗಿದ ಬಿಳಿ ಕುದುರೆ ನನ್ನ ರಾಣಿಗೂ ಆನೆಗೂ ಒಟ್ಟಿಗೇ ಗುರಿಯಿಟ್ಟಿದ್ದರೂ, ನಾನು ನನ್ನದೇ ದಾಳಿಯ ಲೆಕ್ಕದಲ್ಲಿ ಮುಳುಗಿದ್ದೆ.

ಈಗ 15 ನಿಮಿಷದ, ಪ್ರತಿ ನಡೆಗೆ 10 ಸೆಕೆಂಡು ಸೇರುವ ಆಟಗಳನ್ನಷ್ಟೇ ಆಡುತ್ತಿದ್ದೇನೆ (ಶನಿವಾರದ ರಾತ್ರಿಗಳ ಮಾತು ಬೇರೆ). ಆನೆಗಳ ಅಂತ್ಯದಾಟದಲ್ಲಿ ರಾಜನನ್ನು ಎದುರಾಳಿಯ ಕಾಲಾಳಿನ ಮುಂದೆ ನಿಲ್ಲಿಸಿ, ಆ ಕಾಲಾಳು ಎದುರಾಳಿಯ ಕಡೆಯಿಂದ ಆರನೆಯ ಸಾಲಿಗೆ ಬರುವವರೆಗೂ ಆನೆಯನ್ನು ಅದೇ ಸಾಲಿನಲ್ಲಿ ಕಾಯಿಸಿ, ಬಂದೊಡನೆ ದೂರದ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತ ಹೋಗುವ ಫಿಲಿಡೋರ್ ಎಂಬ ರಕ್ಷಣೆಯ ವಿಧಾನವನ್ನು ಕಲಿತದ್ದರಿಂದ ಸೋಲಬೇಕಿದ್ದ ಎರಡು ಆಟಗಳು ಡ್ರಾ ಆದವು. ರೇಟಿಂಗ್ ಸದ್ಯ 1190.