‘ಇ.ಆರ್.’ ಧಾರಾವಾಹಿಯ ಆರು ವರ್ಷಗಳು ಪರ್ಮಿಂದರ್ ನಾಗ್ರಾ ಅವರ ವೃತ್ತಿಗೆ ನೆರವಾದವೇ?

ಪ್ರಶ್ನೆ:
2002ರಲ್ಲಿ ತೆರೆಕಂಡ ‘ಬೆಂಡ್ ಇಟ್ ಲೈಕ್ ಬೆಕಮ್’ ಚಿತ್ರದಲ್ಲಿ ಫುಟ್‌ಬಾಲ್ ಹುಚ್ಚಿನ ಜೆಸ್ ಆಗಿ ಅಭಿನಯಿಸಿದ ಬ್ರಿಟಿಷ್ ನಟಿ ಪರ್ಮಿಂದರ್ ನಾಗ್ರಾ ಅವರು ಮರುವರ್ಷವೇ ಅಮೆರಿಕಕ್ಕೆ ಹೋಗಿ, ‘ಇ.ಆರ್.’ ಎಂಬ ವೈದ್ಯಕೀಯ ಧಾರಾವಾಹಿಯಲ್ಲಿ 2009ರವರೆಗೆ ನೀಲಾ ರಸ್‌ಗೋತ್ರಾ ಎಂಬ ವೈದ್ಯೆಯ ಪಾತ್ರ ವಹಿಸಿದರು. ಅದೇ ಅವಧಿಯಲ್ಲಿ ಅವರ ಸಹನಟಿ ಕೀರಾ ನೈಟ್ಲಿ ದೊಡ್ಡ ಚಿತ್ರಗಳ ನಾಯಕಿಯಾದರು. ನಾನು ಈಗ ಈ ಧಾರಾವಾಹಿಯ ಹತ್ತನೆಯ ಸರಣಿಯನ್ನು ನೋಡುತ್ತಿದ್ದೇನೆ. ನಾಗ್ರಾ ಅವರ ಅಭಿನಯ ಬಹಳ ಹಿಡಿಸಿದೆ. ಆದರೆ ಹತ್ತಾರು ಪಾತ್ರಗಳ ನಡುವೆ ಹಂಚಿಹೋಗುವ ಇಂಥ ಕಥೆಗೆ ಅಷ್ಟು ವರ್ಷ ಕೊಟ್ಟದ್ದರಿಂದ ಚಲನಚಿತ್ರಗಳ ಅವಕಾಶ ಅವರ ಕೈತಪ್ಪಿತೇ? ಪೂರ್ತಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಕೈತಪ್ಪಿತು ಎಂದು ನನಗೆ ಅನ್ನಿಸುವುದಿಲ್ಲ. ಲೆಸ್ಟರ್‌ನಲ್ಲಿ ಹುಟ್ಟಿ, ರಂಗಭೂಮಿಯಲ್ಲಿ ಪಳಗಿ, ಬ್ರಿಟನ್ನಿನದೇ ಆಸ್ಪತ್ರೆ ಧಾರಾವಾಹಿ ‘ಕ್ಯಾಷುಯಲ್ಟಿ’ಯಂಥವುಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ನಟಿಗೆ, ಒಂದೇ ವ್ಯಕ್ತಿಯನ್ನು ನೂರಕ್ಕೂ ಹೆಚ್ಚು ಕಂತುಗಳಲ್ಲಿ ಬೆಳೆಸುವ ಅವಕಾಶ ಸುಲಭಕ್ಕೆ ಸಿಗುವಂಥದ್ದಲ್ಲ. 2003ರ ಸೆಪ್ಟೆಂಬರ್‌ನಲ್ಲಿ ನೀಲಾ ಷಿಕಾಗೋದ ಕೌಂಟಿ ಜನರಲ್ ಆಸ್ಪತ್ರೆಗೆ ಬರುವುದು ವೈದ್ಯಕೀಯ ವಿದ್ಯಾರ್ಥಿನಿಯಾಗಿ. ಪುಸ್ತಕದಲ್ಲಿರುವುದೆಲ್ಲ ನಾಲಿಗೆಯ ತುದಿಯಲ್ಲಿದ್ದರೂ ರೋಗಿಯ ಮುಂದೆ ನಿಂತಾಗ ತಡವರಿಸುತ್ತಾಳೆ. ಹನ್ನೊಂದನೆಯ ಸರಣಿಯ ಆರಂಭದಲ್ಲಿ, ಮಿಷಿಗನ್‌ನಲ್ಲಿ ಸಿಕ್ಕಿದ್ದ ತರಬೇತಿಯ ಸ್ಥಾನವನ್ನು ಬಿಟ್ಟು ಆಸ್ಪತ್ರೆಯ ಹತ್ತಿರದ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿರುತ್ತಾಳೆ. ಓದಿನಲ್ಲಿ ಸದಾ ಮುಂದಿದ್ದ ಹುಡುಗಿಯೊಬ್ಬಳು ತನಗೆ ನಿಜವಾಗಿ ಏನು ಬೇಕೆಂದು ತಿಳಿಯದೆ ದಿನ ದೂಡುವುದನ್ನು ನಾಗ್ರಾ ಆ ಕಂತುಗಳಲ್ಲಿ ಕಣ್ಣೀರಿಲ್ಲದೆ, ಬರಿಯ ಸಂಕೋಚದಲ್ಲಿ ತೋರಿಸಿದ್ದಾರೆ. ಎರಡು ಗಂಟೆಯ ಚಿತ್ರದಲ್ಲಿ ಇದಕ್ಕೆ ಎರಡು ನಿಮಿಷವೂ ಸಿಗುತ್ತಿರಲಿಲ್ಲ.

ಮುಂದಿನದನ್ನು ಹೇಳಿದರೆ ಕಥೆಯ ಗುಟ್ಟು ಬಯಲಾಗುತ್ತದೆ. ಬೇಡವೆನಿಸಿದರೆ ಈ ಪ್ಯಾರಾವನ್ನು ಬಿಟ್ಟುಬಿಡಿ. ಹನ್ನೆರಡನೆಯ ಸರಣಿಯಲ್ಲಿ ನೀಲಾ ಸೇನೆಯ ವೈದ್ಯ ಮೈಕೆಲ್ ಗ್ಯಾಲಂಟ್‌ನನ್ನು ಮದುವೆಯಾಗುತ್ತಾಳೆ, 2006ರಲ್ಲಿ ಅವನು ಇರಾಕ್‌ನಲ್ಲಿ ಸ್ಫೋಟಕ್ಕೆ ಬಲಿಯಾಗುತ್ತಾನೆ. ಅಮೆರಿಕದ ಸೈನಿಕ ಕುಟುಂಬಗಳ ಅಂದಿನ ದುಃಖವನ್ನು ಭಾರತೀಯ ಮೂಲದ ಬ್ರಿಟಿಷ್ ಹೆಣ್ಣೊಬ್ಬಳ ಮೂಲಕ, ಅದಕ್ಕೆ ಯಾವ ಸಮಜಾಯಿಷಿಯನ್ನೂ ಕೊಡದೆ ಹೇಳಿದ್ದನ್ನು ನಾನು ಬಹಳ ಮೆಚ್ಚುತ್ತೇನೆ.

ಉತ್ತರ 2:
ನಾನು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ವಿದ್ಯಾರ್ಥಿನಿ, ಇಂಟರ್ನ್, ರೆಸಿಡೆಂಟ್ ಎಂಬ ಮೆಟ್ಟಿಲುಗಳನ್ನು ನೀಲಾ ಒಂದೊಂದಾಗಿ ಹತ್ತುವುದು, ತುರ್ತು ಚಿಕಿತ್ಸೆಯನ್ನು ಬಿಟ್ಟು ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡಾಗ ಮತ್ತೆ ಕೆಳಗಿನಿಂದಲೇ ಆರಂಭಿಸಬೇಕಾಗುವುದು, ಹಿರಿಯರ ಮುಂದೆ ತನ್ನ ಯೋಗ್ಯತೆಯನ್ನು ಮತ್ತೊಮ್ಮೆ ಸಾಬೀತುಪಡಿಸಬೇಕಾಗುವುದು, ಇವೆಲ್ಲ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳು. ಆಪರೇಷನ್ ಥಿಯೇಟರ್‌ನಲ್ಲಿ ಮುಖದ ಮುಕ್ಕಾಲು ಪಾಲು ಮಾಸ್ಕ್‌ನಲ್ಲಿ ಮುಚ್ಚಿರುವಾಗ ನಟಿಗೆ ಉಳಿಯುವುದು ಕಣ್ಣು ಮಾತ್ರ. ಹತ್ತನೆಯ ಸರಣಿಯ ನೀಲಾಳ ಕಣ್ಣು ಹಿರಿಯರ ಒಪ್ಪಿಗೆಯನ್ನು ಹುಡುಕುತ್ತಿದ್ದರೆ, ಕೊನೆಯ ಸರಣಿಗಳಲ್ಲಿ ಅದು ಗಾಯವನ್ನು ಬಿಟ್ಟು ಕದಲುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸಿ ನೋಡಿ.

ಉತ್ತರ 3:
ಮೇಲಿನ ಇಬ್ಬರ ಮೆಚ್ಚುಗೆಯನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆಯಲ್ಲಿರುವ ಕಳವಳವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ನಾಗ್ರಾ ಅವರಿಗೆ ಅಡ್ಡಿಯಾದದ್ದು ‘ಇ.ಆರ್.’ ಅಲ್ಲ, ಅದರ ನಂತರದ ದಿನಗಳು. ಅವರು ಅಭಿನಯಿಸಿದ ‘ಅಲ್ಕಾಟ್ರಾಜ್’ ಧಾರಾವಾಹಿ 2012ರಲ್ಲಿ ಒಂದೇ ಸರಣಿಗೆ ನಿಂತುಹೋಯಿತು. ‘ದ ಬ್ಲ್ಯಾಕ್‌ಲಿಸ್ಟ್’ನಲ್ಲಿ ಅವರ ಪಾತ್ರ ಮೊದಲ ಸರಣಿಯಲ್ಲೇ ಸಾಯುತ್ತದೆ. ಕಥೆಯ ಕೇಂದ್ರದಲ್ಲಿ ಅವರು ಮತ್ತೆ ನಿಂತದ್ದು 2022ರಲ್ಲಿ, ಬ್ರಿಟನ್ನಿನ ಐಟಿವಿ ವಾಹಿನಿಯ ‘ಡಿಐ ರೇ’ ಧಾರಾವಾಹಿಯಲ್ಲಿ. ಅಲ್ಲಿನ ರಚಿತಾ ರೇ ಬರ್ಮಿಂಗ್‌ಹ್ಯಾಮ್‌ನ ಪೊಲೀಸ್ ಅಧಿಕಾರಿ. ಬಹುಕಾಲ ಕಾದಿದ್ದ ಬಡ್ತಿ ಕೊನೆಗೂ ಸಿಕ್ಕಾಗ, ಅದರ ಹಿಂದಿರುವುದು ತನ್ನ ಸಾಮರ್ಥ್ಯವೋ ಮೈಬಣ್ಣವೋ ಎಂಬ ಶಂಕೆ ಅವಳನ್ನು ಕೊರೆಯುತ್ತದೆ. ನೀಲಾಳ ಪಾತ್ರದಲ್ಲಿ ಇಂಥ ಶಂಕೆಗೆ ಎಡೆಯೇ ಇರಲಿಲ್ಲ. ಅವಳು ವೈದ್ಯೆ, ಅಷ್ಟೇ. ಅಂಥ ಪಾತ್ರ ಕೊಟ್ಟ ಧಾರಾವಾಹಿಯನ್ನು ದೂರುವ ಬದಲು, ಮತ್ತೊಂದನ್ನು ಕೊಡಲು ಹತ್ತಾರು ವರ್ಷ ತೆಗೆದುಕೊಂಡ ನಿರ್ಮಾಪಕರನ್ನೇ ಕೇಳಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಗುಟ್ಟಿನ ಪ್ಯಾರಾವನ್ನು ಓದದೆ ಬಿಟ್ಟಿದ್ದೇನೆ. ಇನ್ನೊಂದು ವಿಚಾರ: ಇದೇ ಸರಣಿಯಲ್ಲಿ ಡಾ. ಎಲಿಜಬೆತ್ ಕಾರ್ಡೆಯಾಗಿ ಬರುವ ಅಲೆಕ್ಸ್ ಕಿಂಗ್‌ಸ್ಟನ್ ಅವರೂ ಬ್ರಿಟಿಷರೇ ಅಲ್ಲವೇ? ಇಬ್ಬರೂ ಎಷ್ಟು ಕಾಲ ಜೊತೆಗಿರುತ್ತಾರೆ?

ಉತ್ತರ 1:
ಹೌದು, ಅವರು ಇಂಗ್ಲೆಂಡಿನ ಸರ್ರೆಯವರು. 1997ರಲ್ಲಿ ಸೇರಿದ ಕಿಂಗ್‌ಸ್ಟನ್ 2004ರಲ್ಲಿ, ಹನ್ನೊಂದನೆಯ ಸರಣಿಯ ಆರಂಭದಲ್ಲೇ ಹೊರಡುತ್ತಾರೆ. ಆದ್ದರಿಂದ ಇಬ್ಬರೂ ಜೊತೆಗಿರುವುದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. 2009ರ ಕೊನೆಯ ಕಂತಿನಲ್ಲಿ ಕಿಂಗ್‌ಸ್ಟನ್ ಅವರನ್ನು ಮತ್ತೆ ನೋಡುವಿರಿ.