ಮಳೆಗೆ ನೆಂದ ಕಂಬಿಗೆ ಕಾಂಕ್ರೀಟ್ ಹಿಡಿಯುತ್ತಾ?

ಪ್ರಶ್ನೆ (ಸಕಲೇಶಪುರ): ಜೂನ್‌ನಲ್ಲಿ ಇಳಿಸಿದ 12 ಎಂಎಂ ಕಂಬಿ ಮಳೆಗೆ ನೆಂದು ಕೆಂಪಾಗಿದೆ. ಸಿಮೆಂಟ್ ಹಾಲು ಬಳಿದರೆ ಸಾಕು ಅಂತಾರೆ ಮೇಸ್ತ್ರಿ. ಮೋಲ್ಡ್ (ತಾರಸಿ ಕಾಂಕ್ರೀಟ್) ಎಂ20, ಅಂದರೆ ಆ ಬಲದ ದರ್ಜೆಯದು. ತಿಳಿದವರು ಹೇಳಿ.

ಇಂಜಿನಿಯರ್, ಹಾಸನ: ಬಣ್ಣ ನೋಡಿ ಹೆದರಬೇಡಿ ಸಾರ್. ಕಾಂಕ್ರೀಟ್ ಕಚ್ಚಿಕೊಳ್ಳೋದು ಮುಖ್ಯವಾಗಿ ಕಂಬಿ ಮೈಮೇಲಿನ ಏಣುಗಳಿಗೆ. ಉಜ್ಜಿದರೂ ಬಿಡದ ತೆಳು ತುಕ್ಕಿನಿಂದ ಹಿಡಿತಕ್ಕೆ ತೊಂದರೆ ಇಲ್ಲ. ಹೊಪ್ಪಳಿಕೆಯಾಗಿ ಉದುರುವ ತುಕ್ಕು ಮಾತ್ರ ಕೆಟ್ಟದ್ದು, ಅದನ್ನು ತಂತಿ ಬ್ರಷ್‌ನಿಂದ ತೆಗೆಯಲೇಬೇಕು. ಆಮೇಲೆ ಒಂದು ಮೀಟರ್ ತುಂಡು ಕತ್ತರಿಸಿ ತೂಗಿ. ವ್ಯಾಸದ ವರ್ಗವನ್ನು (12×12) 162ರಿಂದ ಭಾಗಿಸಿದರೆ ಮೀಟರಿಗೆ 0.889 ಕೆಜಿ, ಅಂದರೆ 889 ಗ್ರಾಂ ಬರುತ್ತೆ. 835ಕ್ಕಿಂತ ಕೆಳಗಿದ್ದರೆ, ಅಥವಾ ಏಣು ಸವೆದು ಗುಳಿ ಬಿದ್ದಿದ್ದರೆ, ಆ ಕಂಬಿ ಗುಜರಿಗೆ.

ಕಂಬಿ ಕೆಲಸ, ಚನ್ನರಾಯಪಟ್ಟಣ: ಸಿಮೆಂಟ್ ಹಾಲು ಬೇಡವೇ ಬೇಡ ಅಣ್ಣ. ಮೋಲ್ಡ್ ದಿನಕ್ಕೆ ಒಣಗಿ ಪುಡಿಯಾಗಿರುತ್ತೆ, ಕಂಬಿಗೂ ಕಾಂಕ್ರೀಟಿಗೂ ಮಧ್ಯೆ ಸಡಿಲ ಪದರ ನಿಂತಂಗೆ. ತುಕ್ಕಿಗಿಂತ ಎಣ್ಣೆ ದೊಡ್ಡ ಶತ್ರು. ಸೆಂಟ್ರಿಂಗ್ ಶೀಟಿಗೆ ಎಣ್ಣೆ ಸವರೋದು ಕಂಬಿ ಹಾಸೋಕೆ ಮೊದಲು, ಹಾಸಿದ ಮೇಲಲ್ಲ. ಕಾಲಂನಿಂದ ಮೇಲೆ ಬಂದ ಕಂಬಿಗೆ ಸಿಡಿದ ಕೆಂಪು ಮಣ್ಣನ್ನೂ ತೊಳೀರಿ. ಕಾಂಕ್ರೀಟ್ ಹಾಕಿದ ಮಾರನೇ ದಿನ ಲೈನಿಗೆ ತರ್ತೀನಿ ಅಂತ ಆ ಕಂಬೀನ ಅಲ್ಲಾಡಿಸೋರಿದಾರೆ, ಬುಡ ಬಿಟ್ಟುಹೋಗುತ್ತೆ.

ಇಂಜಿನಿಯರ್, ಹಾಸನ: ಲ್ಯಾಪ್ (ಒಂದು ಕಂಬಿ ಮುಗಿಯುವಲ್ಲಿ ಇನ್ನೊಂದನ್ನು ಪಕ್ಕಕ್ಕಿಟ್ಟು ಕಟ್ಟುವ ಜೋಡಣೆ) ವಿಷಯ ಯಾರೂ ಕೇಳಲಿಲ್ಲ, ಎಡವೋದು ಅಲ್ಲೇ. ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ) ಲೆಕ್ಕದಲ್ಲಿ 500 ಗ್ರೇಡಿನ ಟಿಎಂಟಿ ಕಂಬಿಗೆ ಎಳೆತ ಬೀಳುವ ಕಡೆ ಲ್ಯಾಪ್ ಉದ್ದ, ಎಂ20 ಆದರೆ ವ್ಯಾಸದ 57 ಪಟ್ಟು, ಎಂ25 ಆದರೆ 49 ಪಟ್ಟು. ಎಂ20ರಲ್ಲಿ ನಿಮ್ಮ 12 ಎಂಎಂಗೆ ಸುಮಾರು 700 ಎಂಎಂ. ಸೈಟಲ್ಲಿ ಎಲ್ಲದಕ್ಕೂ ‘ಎರಡಡಿ’ ಅಂತ ಕಟ್ಟಿಬಿಡ್ತಾರೆ. 12 ಎಂಎಂ ಕಂಬಿಗೆ ಅದು ಎಂ25ಕ್ಕೆ ಸರಿಹೋಗುತ್ತೆ, ಎಂ20ಕ್ಕೆ ಕಡಿಮೆ. ಒಂದೇ ಸಾಲಲ್ಲಿ ಅರ್ಧಕ್ಕಿಂತ ಹೆಚ್ಚು ಕಂಬಿಗೆ ಲ್ಯಾಪ್ ಬರಬಾರದು. ಪಕ್ಕದ ಲ್ಯಾಪನ್ನು ನಡುವಿನಿಂದ ನಡುವಿಗೆ ಮೂರಡಿ ಸರಿಸಿ.

ಗುತ್ತಿಗೆದಾರ, ಮೂಡಿಗೆರೆ: ನಮ್ಮ ಕಡೆ ಮರಳೇ ನೀರು ಕುಡಿದಿರುತ್ತೆ. ಅದೂ ಸೇರಿ ಸಿಮೆಂಟ್ ಮೂಟೆಗೆ ನೀರು 25 ಲೀಟರ್ ಆಸುಪಾಸಿನಲ್ಲಿರಲಿ. ತೆಳ್ಳಗಾದರೆ ಜಲ್ಲಿ ಕೆಳಗಿಳಿದು, ಮೇಲಕ್ಕೆ ಬರುವ ನೀರು ಬೀಮಿನ ಮೇಲ್ಸಾಲಿನ ಕಂಬಿಗಳ ಅಡಿಯಲ್ಲಿ ನಿಲ್ಲುತ್ತೆ. ಆರಿದ ಮೇಲೆ ಅಲ್ಲಿ ಟೊಳ್ಳು. ವೈಬ್ರೇಟರ್ ಸೂಜಿಯನ್ನು ಕಂಬಿಗೆ ಒತ್ತಿ ಹಿಡಿಯಬೇಡಿ.

ಪ್ರಶ್ನೆ ಕೇಳಿದವರು: ಸ್ಲ್ಯಾಬಿಗೆ ಆಗಲೇ ಎರಡಡಿ ಲ್ಯಾಪ್ ಕಟ್ಟಿಯಾಗಿದೆಯಲ್ಲ?

ಇಂಜಿನಿಯರ್, ಹಾಸನ: ಬಿಚ್ಚೋದು ಬೇಡ. ಪ್ರತಿ ಲ್ಯಾಪಿನ ಪಕ್ಕ 12 ಎಂಎಂನದೇ ಎರಡು ಮೀಟರ್ ತುಂಡು ಇಟ್ಟು, ಲ್ಯಾಪಿನ ಎರಡೂ ತುದಿ ದಾಟಿ 700 ಎಂಎಂ ಹೋಗುವಂತೆ ಕಟ್ಟಿ. ನಡುವೆ ಜಲ್ಲಿ ಇಳಿಯೋಷ್ಟು ಸಂದು ಬಿಡಿ.