ಸಮಸ್ಯಾಪೂರಣ: ಮಾಸಿದ ಮೇಲೆ ಬೆಳ್ಳಗಾಗುವ ಬಟ್ಟೆ

ಗೆಳೆಯರೇ, ಕೊಟ್ಟ ಸಾಲಿಗೆ ಪದ್ಯ ಕಟ್ಟುವ ನಮ್ಮ ಸಮಸ್ಯಾಪೂರಣಕ್ಕೆ ಈ ವಾರ ಕಂದಪದ್ಯ, ನಾಲ್ಕು ಸಾಲಿನದು. ನಾಲ್ಕನೇ ಸಾಲು ಇದು:

ಮಾಸಿದ ಮೇಲಲ್ತೆ ಬಟ್ಟೆ ಬೆಳ್ಳಗೆ ಹೊಳೆಗುಂ

ಮೊದಲ ಮೂರು ಸಾಲು ನಿಮ್ಮದು. 12, 20, 12 ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು). ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಸ’ಕಾರ; ಅದರ ಹಿಂದೆ ದೀರ್ಘ ಇರಲೇಬೇಕು, ಅದೇ ಗಜಪ್ರಾಸ. ಎರಡನೇ ಸಾಲಿನ ಮೂರನೇ ಗಣದಲ್ಲಿ (ಗಣ ಅಂದರೆ ನಾಲ್ಕು ಮಾತ್ರೆಯ ಗುಂಪು) ಜಗಣ, ಅಂದರೆ ಲಘು-ಗುರು-ಲಘು, ತಪ್ಪಿಸಬೇಡಿ.

*

ಮಾಸಿದರೆ ಕೊಳೆ ಅಲ್ವಾ ರಾಯರೇ, ಬೆಳ್ಳಗೆ ಹೇಗೆ? ಸರಿ, ಹೀಗೆ ಬಿಡಿಸಿದ್ದೇನೆ:

ಕೂಸಿನ ಕೈಯಿಂದರಿಸಿನ
ಪೂಸಿದ ಕಲೆಯಿರ್ದುದಯ್ಯ ಬಿಳಿಪಂಚೆಯ ಮೇಲ್ |
ಸೂಸುವ ಬಿಸಿಲೊಳ್ ಕಲೆ ತಾಂ
ಮಾಸಿದ ಮೇಲಲ್ತೆ ಬಟ್ಟೆ ಬೆಳ್ಳಗೆ ಹೊಳೆಗುಂ ||

ಅರಿಸಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ. ಬಿಸಿಲಿಗೆ ಹರವಿದರೆ ಸುಮ್ನೆ ತಾನಾಗಿ ಮಾಸುತ್ತದೆ.

*

ಭೇಷ್ ಅಕ್ಕಾ! ಬಟ್ಟೆ ಮಾಸಿದರೆ ಕೊಳೆ, ಕಲೆ ಮಾಸಿದರೆ ಶುಚಿ. ಗಂಟು ಇದ್ದದ್ದೇ ಅಲ್ಲಿ.

ಕೆಲವರು ತಿಂಗಳಿನ ‘ಮಾಸ’ಕ್ಕೆ ಈ ‘ಮಾಸು’ವನ್ನು ಜೋಡಿಸುತ್ತಾರೆ. ಅದು ಸಂಸ್ಕೃತ, ಇದಕ್ಕೂ ಅದಕ್ಕೂ ನಂಟಿಲ್ಲ. ‘ಮಾಸು’ ದ್ರಾವಿಡ ಮಾತು. ತೆಲುಗಿನಲ್ಲೂ ಕೊಳೆಬಟ್ಟೆಗೆ ‘ಮಾಸಿನ ಬಟ್ಟಲು’ ಎನ್ನುತ್ತಾರೆ. ತಮಿಳಿನಲ್ಲಿ ‘ಮಾಸು’ ಅಂದರೆ ಕೊಳೆ, ಕಳಂಕ. ಈಗ ಗಾಳಿ, ನೀರು ಕೆಡುವುದಕ್ಕೂ ಅದೇ ಮಾತು. ಅಲ್ಲೇ ‘ಮಾಯ್’ ಅಂದರೆ ಕಾಣದಂತಾಗು, ಅಳಿ. ನಮ್ಮಲ್ಲಿ ಗಾಯ ‘ಮಾಯುವುದು’ ಅದರ ನೆಂಟ. ನನ್ನ ಲೆಕ್ಕದಲ್ಲಿ ಮೂಲದ ಅರ್ಥ ಮಂಕಾಗುವುದು, ಕಣ್ಣಿಗೆ ಮರೆಯಾಗುವುದು. ಬಟ್ಟೆಯ ಬಿಳುಪು ಮರೆಯಾದರೆ ಕೊಳೆ ಅನ್ನುತ್ತೇವೆ, ಕಲೆ ಮರೆಯಾದರೆ ಹೋಯ್ತು ಅನ್ನುತ್ತೇವೆ. ನೆನಪೂ ಹಾಗೆಯೇ ಮಾಸುತ್ತದೆ.

*

ಹಳ್ಳಿ ಕಡೆ ಹಸು ಕರು ಹಾಕಿದ ಮೇಲೆ ‘ಮಾಸು ಬಿತ್ತಾ?’ ಅಂತ ಕೇಳುತ್ತಾರೆ, ಕರುವಿನ ಹಿಂದೆ ಬೀಳುವ ಗರ್ಭದ ಪೊರೆಗೆ ಆ ಹೆಸರು. ಅದನ್ನು ಪದ್ಯಕ್ಕೆ ತರುವ ಧೈರ್ಯ ಯಾರಿಗಿದೆ?

*

ನನಗಿಲ್ಲಪ್ಪ. ನಾನು ಕೊಳೆಯನ್ನು ಕೊಳೆಯಾಗಿಯೇ ಇಟ್ಟುಕೊಂಡೆ. ಮಾಸಿದ ಮೇಲೆ ತಾನೇ ಬಟ್ಟೆ ಹೊಳೆಗೆ ಹೋಗುವುದು!

ಹಾಸಿದ ಕಲ್ಲಿಗೆ ಬಡಿದುಂ
ಬೀಸುತ ಮಡಿವಾಳನೆತ್ತಿ ನೀರೊಳಗದ್ದಲ್ |
ಲೇಸಹುದರಿವೆಗೆ, ಕೊಳೆಯಿಂ
ಮಾಸಿದ ಮೇಲಲ್ತೆ ಬಟ್ಟೆ ಬೆಳ್ಳಗೆ ಹೊಳೆಗುಂ ||

*

ಎರಡೂ ಚೆನ್ನ. ‘ಬಡಿದುಂ’ನಲ್ಲಿ ‘ಉಂ’ ಮಾತ್ರೆ ತುಂಬಿಸಲು ಬಂದಿದೆ, ಅಲ್ವಾ ಸ್ವಾಮಿ? ಅಕ್ಕನ ಪದ್ಯಕ್ಕೇ ನನ್ನ ಮತ ಜಾಸ್ತಿ.

ಮುಂದಿನ ವಾರಕ್ಕೆ ಸಿಂಹಪ್ರಾಸ (ಪ್ರಾಸದ ಹಿಂದೆ ಹ್ರಸ್ವ), ‘ಲ’ಕಾರ. ಕಲೆಗೆ ಎಷ್ಟು ಅರ್ಥ ಇದೆ ಅಂತ ನೋಡಿಕೊಂಡು ಬನ್ನಿ:

ಕಲೆ ಹತ್ತಿದ ಮೇಲೆ ಸೀರೆ ಬೆಲೆ ಹೆಚ್ಚಿತಲಾ